ಟೆಲ್ಲೂರಿಯಂ ಇಲ್ಲದ ಜಾಗ

ನಾನು ಏನು ಓದುತ್ತಿದ್ದೇನೆ ಎಂಬುದು ನಮ್ಮ ಮನೆಗಳಲ್ಲಿ ಮೊದಲು ಅರ್ಥವಾದದ್ದು ಅವ್ವನಿಗೆ. ಮದುವೆಯಾಗಿ ಹುಣಸೂರಿಗೆ ಬಂದ ಮೇಲೂ ನಾನು ದಿನಾ ಬಸ್ಸಿನಲ್ಲಿ ಮೈಸೂರಿಗೆ ಹೋಗಿ ಬಂದು ಪಿಎಚ್‌ಡಿ ಮಾಡುತ್ತಿದ್ದೆ. ತವರು ಹನಗೋಡು. ಅಲ್ಲಿಯ ಹೆಂಗಸರು ಅವ್ವನನ್ನು ಬಿಡದೆ ಕೇಳುತ್ತಿದ್ದರಂತೆ. ಒಂದು ಭಾನುವಾರ ಅವಳು ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟುತ್ತ ಕೂತಿದ್ದವಳು ತಲೆಯೆತ್ತದೆ ಕೇಳಿದಳು.

"ಅದೇನ್ ಮಗ ನೀನು ಮಾಡೋದು? ಕೇಳ್ದೋರ್ಗೆ ನಾನ್ ಏನನ್ಲಿ?"

ನಾನು ಹೇಳಿದೆ. ಸೀಸದ ಬಣ್ಣದ ಒಂದು ಹರಳಿದೆ. ಅದಕ್ಕೆ ಟೇಪು ಅಂಟಿಸಿ ಎಳೆದರೆ ಪದರವಾಗಿ ಕಿತ್ತು ಬರುತ್ತದೆ. ಆ ಪದರಕ್ಕೆ ಮತ್ತೆ ಟೇಪು ಅಂಟಿಸಿ ಎಳೆಯುತ್ತೇವೆ, ಅದಕ್ಕೆ ಮತ್ತೆ. ಕೊನೆಗೆ ಮೂರೇ ಪರಮಾಣು ದಪ್ಪದ ಒಂದು ಚೂರು ಉಳಿಯುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ, ಮೈಕ್ರೋಸ್ಕೋಪಿನಲ್ಲಿ ನೋಡಬೇಕು.

"ಕಾಗೆಬಂಗಾರ ಬುಡಿಸ್ದಂಗೆ ಅನ್ನು," ಎಂದಳು ಅವ್ವ.

ಸರಿಯಾಗಿ ಹಾಗೆಯೇ. ಚಿಕ್ಕವಳಿದ್ದಾಗ ಹೊಲದಲ್ಲಿ ಸಿಕ್ಕ ಕಾಗೆಬಂಗಾರದ ಚೂರುಗಳನ್ನು ನಾವು ಉಗುರಿನಲ್ಲಿ ಸೀಳಿ, ತೆಳ್ಳಗಿನ ಹಾಳೆ ಮಾಡಿ ಸೂರ್ಯನಿಗೆ ಹಿಡಿದು ನೋಡುತ್ತಿದ್ದೆವು. ನನ್ನ ಹರಳಿನಲ್ಲಿ ಇರುವುದು ಮಾಲಿಬ್ಡಿನಂ ಮತ್ತು ಟೆಲ್ಲೂರಿಯಂ. ಅವೇ ಪರಮಾಣುಗಳು ಒಂದು ಥರ ಜೋಡಿಸಿಕೊಂಡು ಕೂತರೆ ಅದು ಅರೆವಾಹಕ, ಅಂದರೆ ವಿದ್ಯುತ್ತನ್ನು ಬೇಕಾದಾಗ ಬಿಡುವ, ಬೇಡದಾಗ ತಡೆಯುವ ವಸ್ತು. ಬಿಸಿ ತಾಗಿ ಸ್ವಲ್ಪ ಸರಿದು ಕೂತರೆ ಲೋಹದ ಹಾಗೆ ಸಲೀಸಾಗಿ ವಿದ್ಯುತ್ ಹರಿಸುತ್ತದೆ. ಸ್ಥಿತಿ ಬದಲಾಯಿತು ಎನ್ನುತ್ತೇವೆ. ಹರಳಿನಲ್ಲಿ ಅಲ್ಲಲ್ಲಿ ಟೆಲ್ಲೂರಿಯಂ ಪರಮಾಣು ಇರಬೇಕಾದ ಕಡೆ ಇರುವುದಿಲ್ಲ. ಅಂಥ ಖಾಲಿ ಜಾಗಕ್ಕೆ ನಮ್ಮ ಭಾಷೆಯಲ್ಲಿ ದೋಷ ಎಂದು ಹೆಸರು. ಬದಲಾವಣೆ ಆ ದೋಷವಿರುವ ಜಾಗದಲ್ಲೇ ಶುರುವಾಗುತ್ತದೆಯೇ ಎಂದು ನೋಡುವುದು ನನ್ನ ಕೆಲಸವಾಗಿತ್ತು. ಇದಿಷ್ಟನ್ನೂ ನಾನು ಅವ್ವನಿಗೆ ಹೇಳಲಿಲ್ಲ. ಮಾರನೆಯ ವಾರದಿಂದ ಅವಳು ಕೇಳಿದವರಿಗೆಲ್ಲ, "ಕಾಗೆಬಂಗಾರದ ಮೇಲೆ ಓದ್ತಾವ್ಳೆ ಕಣ್ರವ್ವ," ಎಂದು ಹೇಳತೊಡಗಿದಳು.

ನನ್ನ ಗಂಡನಿಗೆ ಹುಣಸೂರಿನಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪ್‌ಸೆಟ್ಟಿನ ಮೋಟಾರುಗಳನ್ನು ಬಿಚ್ಚಿ, ಹಳೆಯ ತಾಮ್ರದ ತಂತಿ ಕಿತ್ತು ಹೊಸದು ಸುತ್ತುತ್ತಾರೆ. ಮನೆಯಲ್ಲಿ ಅವರು, ನಾನು, ಅತ್ತೆ. ಅತ್ತೆಗೆ ನನ್ನ ಓದಿನ ಬಗ್ಗೆ ತಕರಾರೇನೂ ಇರಲಿಲ್ಲ. ಬೆಳಿಗ್ಗೆ ನನ್ನ ಡಬ್ಬಿಗೆ ರೊಟ್ಟಿ ಹಾಕಿಕೊಡುತ್ತಿದ್ದದ್ದೇ ಅವರು.

ಮದುವೆಯಾದ ಹೊಸದರಲ್ಲಿ ಅವರು ಒಂದು ದಿನ ನನ್ನನ್ನು ಅಡುಗೆಮನೆಗೆ ಕರೆದು ಮೆಲ್ಲಗೆ ಕೇಳಿದ್ದರು.

"ನೀನು ಹಸಿ ಬೆಳ್ಳುಳ್ಳಿ ತಿಂತಿಯೇನವ್ವ? ಬಾಯಿಂದ ವಾಸನೆ ಬತ್ತದೆ."

ನಾನು ನಕ್ಕುಬಿಟ್ಟೆ. ಟೆಲ್ಲೂರಿಯಂ ಪುಡಿಯ ಜೊತೆ ಕೆಲಸ ಮಾಡುವವರ ಉಸಿರಿಗೆ ಬೆಳ್ಳುಳ್ಳಿಯ ವಾಸನೆ ಬರುತ್ತದೆ, ಎಷ್ಟೇ ಕಡಿಮೆ ಮೈಗೆ ಸೇರಿದರೂ ಸಾಕು. ಆಗ ನಾನು ಹರಳನ್ನು ಕುಲುಮೆಯಲ್ಲಿ ಬೆಳೆಸುವುದನ್ನು ಕಲಿಯುತ್ತಿದ್ದೆ. ಗಾಜಿನ ಕೊಳವೆಯೊಳಗೆ ಪುಡಿಯಿಟ್ಟು ಕಾಯಿಸಬೇಕು. ಹೊಗೆ ಎಳೆದುಕೊಳ್ಳುವ ಗೂಡಿನೊಳಗೇ ಎಲ್ಲ ಮಾಡುತ್ತಿದ್ದೆವು, ಆದರೂ ಎಲ್ಲೋ ಒಂದಿಷ್ಟು ಸೇರಿತ್ತು. "ಅಲ್ಲಿ ಒಂದು ಪುಡಿ ಇದೆ ಅತ್ತೆ, ಅದರ ವಾಸನೆ," ಎಂದೆ. ಅವರೂ ನಕ್ಕರು.

ಗರ್ಭಿಣಿ ಎಂದು ತಿಳಿದ ದಿನವೇ ನನ್ನ ಗೈಡ್‌ಗೆ ಹೇಳಿದೆ. ಅವರು ಐವತ್ತರ ಹತ್ತಿರದ ಹೆಂಗಸು, ಮಾತು ಕಡಿಮೆ, ನಾವೆಲ್ಲ ಮೇಡಂ ಎನ್ನುತ್ತಿದ್ದೆವು. "ಇವತ್ತಿಂದ ಕುಲುಮೆ ರೂಮಿಗೆ ಹೋಗಬೇಡ. ಮೈಕ್ರೋಸ್ಕೋಪು, ಅಳತೆ, ಅಷ್ಟೇ," ಎಂದರು. ಹಾಗೇ ಮಾಡಿದೆ. ವಾಸನೆ ಕ್ರಮೇಣ ಹೋಯಿತು.

ಐದನೇ ತಿಂಗಳಿನ ಸ್ಕ್ಯಾನಿಗೆ ಮೈಸೂರಿಗೆ ಹೋದೆವು. ಬೆಳಿಗ್ಗೆ ವೀರನಹೊಸಹಳ್ಳಿಯ ಕಡೆಯ ಒಂದು ಬೋರ್‌ವೆಲ್ ಮೋಟಾರು ಬಿಚ್ಚಬೇಕಿತ್ತು, ಅದನ್ನು ಮುಂದಕ್ಕೆ ಹಾಕಿ ನನ್ನ ಗಂಡ ಜೊತೆಗೆ ಬಂದಿದ್ದರು. ಸ್ಕ್ಯಾನ್ ಮಾಡುವ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಮೊದಮೊದಲು ಇದು ಕಾಲು, ಇದು ಬೆನ್ನುಮೂಳೆ ಎಂದು ತೋರಿಸುತ್ತಿದ್ದರು. ಆಮೇಲೆ ಮಾತು ನಿಂತಿತು. ಹೊಟ್ಟೆಯ ಮೇಲೆ ಆ ತಣ್ಣನೆಯ ಜೆಲ್ಲಿನಲ್ಲಿ ಒಂದೇ ಜಾಗದಲ್ಲಿ ಯಂತ್ರವನ್ನು ಆಡಿಸುತ್ತಲೇ ಇದ್ದರು. ನನಗೆ ಆ ಮೌನ ಗೊತ್ತಿತ್ತು. ಲ್ಯಾಬಿನ ಅಳತೆಯಲ್ಲಿ ಬರಬಾರದ ಜಾಗದಲ್ಲಿ ಗೆರೆ ಬಂದಾಗ ನಾನೂ ಪರದೆಯ ಮುಂದೆ ಹಾಗೇ ಕೂರುತ್ತಿದ್ದೆ.

"ಮಗುವಿನ ತಲೆಬುರುಡೆ ಬೆಳೆದಿಲ್ಲಮ್ಮ," ಎಂದರು. "ದೊಡ್ಡ ದೋಷ ಇದೆ."

"ಯಾವ ಥರದ ದೋಷ?" ಎಂದು ಕೇಳಿದೆ. ಲ್ಯಾಬಿನಲ್ಲಿ ಜೂನಿಯರನ್ನು ಕೇಳುವ ದನಿಯೇ ಬಂತು. ಅವರು ನನ್ನ ಮುಖ ನೋಡಿ, ಗಂಡನನ್ನು ಒಳಗೆ ಕರೆಸಿದರು. ಮಗು ಹೊಟ್ಟೆಯಲ್ಲಿ ಇರುವವರೆಗೆ ಇರುತ್ತದೆ, ಹೊರಗೆ ಬಂದರೆ ಉಳಿಯುವುದಿಲ್ಲ ಎಂದು ಇಬ್ಬರಿಗೂ ಬಿಡಿಸಿ ಹೇಳಿದರು.

ನನ್ನ ಗಂಡ ಕೇಳಿದ್ದು ಒಂದೇ ಮಾತು. "ಬೇರೆ ಮಿಸಿನ್‌ನಲ್ಲಿ ಒಂದ್ಸಲ ನೋಡ್ಬೋದಾ ಡಾಕ್ಟ್ರೇ? ಇದೇ ತಪ್ಪು ತೋರುಸ್ತಿದ್ರೆ?"

ಅಂಗಡಿಯಲ್ಲಿ ಒಂದೇ ಮೀಟರಿನ ಮಾತು ಕೇಳಿ ಅವರು ಯಾವ ಮೋಟಾರನ್ನೂ ಬಿಚ್ಚಿದವರಲ್ಲ. ಬೇರೆ ಆಸ್ಪತ್ರೆಯಲ್ಲಿ ಬೇರೆ ಯಂತ್ರದಲ್ಲಿ ನೋಡಿಸಿದೆವು. ಅದೂ ಅದನ್ನೇ ತೋರಿಸಿತು. ಹೊರಗೆ ಬಂದು ಎಳನೀರು ಕುಡಿದೆವು. ಗಂಜಿ ಇರುವುದು ಬೇಕೋ ನೀರಿನದೋ ಎಂದು ಮಾರುವವನು ಕೇಳಿದ, ನಾನು ನೀರಿನದು ಎಂದೆ. ಇಂಥದ್ದೆಲ್ಲ ಚೆನ್ನಾಗಿ ನೆನಪಿದೆ.

ಆಸ್ಪತ್ರೆಗೆ ಸೇರಿಸಿದರು. ಮದ್ದು ಕೊಟ್ಟು ಹೆರಿಗೆ ನೋವು ಬರಿಸಿದರು. ನೋವು ಬೇರೆ ಯಾರದೋ ಎಂಬ ಹಾಗೆ ಬಂದು ಹೋಯಿತು. ಅವ್ವ ಕೈ ಹಿಡಿದಿದ್ದಳು. ಮುಗಿದ ಮೇಲೆ ನರ್ಸ್ ಬಂದು, "ನೋಡ್ತೀರಾ?" ಎಂದು ಕೇಳಿದರು. ಅವ್ವ ಬೇಡ ಎಂದು ತಲೆಯಾಡಿಸಿದಳು. ನಾನು ನೋಡುತ್ತೇನೆ ಎಂದೆ. ತಲೆಯ ಮೇಲೆ ಬಟ್ಟೆಯನ್ನು ಟೋಪಿಯ ಹಾಗೆ ಮಡಿಸಿ ಮುಚ್ಚಿ ತಂದಿದ್ದರು. ಹೆಣ್ಣು. ಕೈ ಹೊರಗಿತ್ತು. ಬೆರಳುಗಳಿದ್ದವು, ಉಗುರಿನ ಗುರುತೂ ಇತ್ತು. ನಾನು ಅಷ್ಟನ್ನೂ ನೋಡಿ, ಸರಿ ಎಂದೆ. ಅಳುತ್ತಿದ್ದೇನೆ ಎಂದುಕೊಂಡು ಅವ್ವ ನನ್ನ ಕಣ್ಣು ಒರೆಸಿದಳು. ಕಣ್ಣು ಒಣಗಿತ್ತು.

ಅಪ್ಪ ಮತ್ತು ನನ್ನ ಗಂಡ ಮಗುವನ್ನು ಹನಗೋಡಿಗೆ ಒಯ್ದು ನಮ್ಮ ಹೊಲದ ಬದುವಿನಲ್ಲಿ, ಹೊಂಗೆ ಮರದ ಕೆಳಗೆ ಮಣ್ಣು ಮಾಡಿದರು. ನನ್ನನ್ನೂ ತವರಿಗೇ ಕರೆದುಕೊಂಡು ಹೋದರು.

ಅದು ಹೊಗೆಸೊಪ್ಪು ಬೇಯಿಸುವ ಕಾಲ. ಮನೆಯ ಪಕ್ಕದ ಬ್ಯಾರನ್ನಿನಲ್ಲಿ, ಸೊಪ್ಪು ಒಣಗಿಸುವ ಗೂಡಿನಲ್ಲಿ, ಬೆಂಕಿ ಹಾಕಿದ್ದರು. ಹಸಿರು ಎಲೆ ಮೊದಲು ಹಳದಿಗೆ ತಿರುಗಬೇಕು, ಆಮೇಲೆ ಒಣಗಬೇಕು. ಅಪ್ಪ ಒಳಗಿನ ಬಿಸಿಯನ್ನು ನೋಡಿಕೊಂಡು ಸೌದೆ ಹಾಕುತ್ತಿದ್ದ. ಕೂಲಿಯ ಹೆಂಗಸರು ಅಂಗಳದಲ್ಲಿ ಸೊಪ್ಪು ಕಟ್ಟುತ್ತ ಮಾತಾಡುತ್ತಿದ್ದವರು ನಾನು ಹೊರಗೆ ಬಂದರೆ ಸುಮ್ಮನಾಗುತ್ತಿದ್ದರು. ಒಬ್ಬಾಕೆ ಮಾತ್ರ ನೇರವಾಗಿ ಹೇಳಿದಳು. "ಓಗ್ಲಿ ಬುಡವ್ವ. ನಂದೂ ಎರಡು ಒಟ್ಟೇಲೇ ಓದವು. ಆಮ್ಯಾಕೆ ಮೂರಾದ್ವು." ಹೂಂ ಎಂದೆ.

ಎದೆಯಲ್ಲಿ ಹಾಲು ಬಂತು. ಬರುತ್ತದೆ ಎಂದು ಯಾರೂ ಹೇಳಿರಲಿಲ್ಲ. ಅವ್ವ ಹುಣಸೂರಿನಿಂದ ಮಲ್ಲಿಗೆ ತರಿಸಿ, ಎದೆಯ ಮೇಲೆ ಒತ್ತಾಗಿ ಹರಡಿ ಹಳೆಯ ಪಂಚೆಯಿಂದ ಬಿಗಿಯಾಗಿ ಕಟ್ಟಿದಳು. ಹಾಲು ಇಂಗಲು ಅದೇ ಮದ್ದು. ಬಾಡಿದ ಹೂ ತೆಗೆದು ದಿನಾ ಹೊಸ ಹೂ ಕಟ್ಟುತ್ತಿದ್ದಳು. ಮಲ್ಲಿಗೆಯ ವಾಸನೆ ನನಗೆ ಬರುತ್ತಿತ್ತು, ಅಷ್ಟೇ. ಆ ದಿನಗಳಲ್ಲಿ ಬಿಸಿ ಕಾಫಿ ಕುಡಿದು ನಾಲಿಗೆ ಸುಟ್ಟುಕೊಂಡದ್ದು ಊಟಕ್ಕೆ ಕೂತಾಗ ಖಾರ ತಾಗಿ ಗೊತ್ತಾಗುತ್ತಿತ್ತು. ಬಿಸಿಲಿನಲ್ಲಿ ಕೂತವಳು ಯಾರಾದರೂ ಏಳಿಸುವ ತನಕ ಅಲ್ಲೇ ಕೂತಿರುತ್ತಿದ್ದೆ.

ಒಂದು ಸಂಜೆ ಅಪ್ಪ, "ಬಾ ಮಗ," ಎಂದು ಹೊಂಗೆ ಮರದ ಹತ್ತಿರ ಕರೆದುಕೊಂಡು ಹೋದ. ನರಿ ನಾಯಿ ಕೆದಕದಂತೆ ಮುಳ್ಳು ಹೊದಿಸಿ ಮೇಲೆ ಕಲ್ಲು ಹೇರಿದ್ದರು. ಅಪ್ಪ ಟವೆಲಿನಿಂದ ಮುಖ ಮುಚ್ಚಿಕೊಂಡು ಅತ್ತ. ಅವನು ಅಳುವುದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಪಕ್ಕದಲ್ಲಿ ನಿಂತಿದ್ದೆ. ಅವನ ಹೆಗಲ ಮೇಲೆ ಕೈ ಇಡಬೇಕು ಎಂದು ಹೊಳೆಯಿತು. ಹೊಳೆದ ಎಷ್ಟೋ ಹೊತ್ತಿನ ಮೇಲೆ ಇಟ್ಟೆ.

ಅತ್ತೆ ಬಂದದ್ದು ಅದಾದ ಮೇಲೆ. ನಾಟಿಕೋಳಿ ಸಾರು ಮಾಡಿ, ಡಬ್ಬಿ ಚೆಲ್ಲದಂತೆ ಬಟ್ಟೆ ಸುತ್ತಿ ಬಸ್ಸಿನಲ್ಲಿ ತಂದಿದ್ದರು. ಬಾಣಂತಿಯ ಸಾರು, ಬೆಳ್ಳುಳ್ಳಿ ಹೆಚ್ಚು. ನಾನು ಉಣ್ಣುವುದನ್ನೇ ನೋಡುತ್ತ ಕೂತಿದ್ದವರು ಇದ್ದಕ್ಕಿದ್ದಂತೆ ಕೇಳಿದರು.

"ಅವಾಗ ನಿನ್ನ ಬಾಯಲ್ಲಿ ಬೆಳ್ಳುಳ್ಳಿ ವಾಸನೆ ಬತ್ತಿತ್ತಲ್ಲ. ಯಾವ್ದೋ ಪುಡಿದು ಅಂದಿದ್ದೆ. ಅದೇನಾದ್ರೂ ಒಟ್ಟೆಗೋಗಿ ಇಂಗಾಯ್ತಾ?"

ಅವ್ವ ಒಳಗಿನಿಂದ ಹೊರಗೆ ಬಂದು ನಿಂತಳು.

"ಗೊತ್ತಿಲ್ಲ ಅತ್ತೆ," ಎಂದೆ.

"ಜೋಯಿಸ್ರು ಸರ್ಪದೋಷ ಅಂತರೆ. ನನ್ನ ಮಗ ಅಂಗೆಲ್ಲ ಏನಿಲ್ಲ ಅಂತನೆ. ನೀನು ಓದಿರೋಳು, ನೀನು ಯೋಳು."

ಡಾಕ್ಟರು, ಇಂಥದ್ದಕ್ಕೆ ಹೆಚ್ಚಿನ ಸಲ ಕಾರಣ ಸಿಗುವುದೇ ಇಲ್ಲ ಎಂದಿದ್ದರು. ಅತ್ತೆ ಹೋದ ಮೇಲೆ ಫೋನಿನಲ್ಲಿ ಹುಡುಕಿದೆ. ಮಗುವಿನ ತಲೆ ಮುಚ್ಚಿಕೊಳ್ಳುವುದು ಮೊದಲ ವಾರಗಳಲ್ಲೇ, ತಾಯಿಗೆ ಬಸುರು ಎಂದು ತಿಳಿಯುವ ಹೊತ್ತಿಗೆ ಮುಗಿದಿರುತ್ತದೆ. ಆ ವಾರಗಳಲ್ಲಿ ನಾನು ಕುಲುಮೆಯ ಮುಂದೆ ಇದ್ದೆ. ಬಸುರಿ ಇಲಿಗಳಿಗೆ ಟೆಲ್ಲೂರಿಯಂ ಬಹಳ ತಿನ್ನಿಸಿದರೆ ಮರಿಗಳಿಗೆ ಏನಾಗುತ್ತದೆ ಎಂದು ಬರೆದಿದ್ದರು. ಹೊಗೆಗೂಡಿನ ಮುಂದೆ ಕೈಗವಸು ಹಾಕಿಕೊಂಡು ನಿಂತ ಹೆಂಗಸಿಗೆ ಏನಾಗುತ್ತದೆ ಎಂದು ಎಲ್ಲೂ ಇರಲಿಲ್ಲ. ಫೋನು ಕೆಳಗಿಟ್ಟು ಅವ್ವನಿಗೆ ಸಾರಿನ ಸೊಪ್ಪು ಬಿಡಿಸಿಕೊಟ್ಟೆ.

ಹಬ್ಬಗಳೆಲ್ಲ ಕಳೆದ ಮೇಲೆ ಹುಣಸೂರಿಗೆ ಮರಳಿ, ಲ್ಯಾಬಿಗೆ ವಾಪಸು ಹೋದೆ. ಯಾಕೆ ಹೋದೆ ಎಂದು ಕೇಳಿದರೆ ಹೇಳಲು ಬರುವುದಿಲ್ಲ. ಬೆಳಿಗ್ಗೆ ಬಸ್ಸು ಹತ್ತುವುದು ರೂಢಿಯಾಗಿತ್ತು, ಹತ್ತಿದೆ. ನಾನು ಬಿಟ್ಟುಹೋಗಿದ್ದ ಚೂರು ಗಾಳಿಗೆ ಕೆಡಬಾರದೆಂದು ಮೇಡಂ ಅದನ್ನು ಗಾಳಿ ತೆಗೆದ ಡಬ್ಬಿಯಲ್ಲಿ ಇಡಿಸಿದ್ದರು. "ಆದಷ್ಟು ಮಾಡು, ಆಗದಿದ್ದರೆ ಮನೆಗೆ ಹೋಗು," ಎಂದರು. ಜೂನಿಯರುಗಳು ನನಗೆ ಕುರ್ಚಿ ಬಿಟ್ಟುಕೊಟ್ಟು ಎದ್ದು ನಿಲ್ಲುತ್ತಿದ್ದರು. ಮೊದಲು ಹಾಗೆ ಮಾಡುತ್ತಿರಲಿಲ್ಲ.

ಕೆಲಸ ಸುಲಭವಾಗಿತ್ತು, ಮನಸ್ಸು ಬೇಕಿರಲಿಲ್ಲ. ಚೂರಿನ ಮೇಲೆ ಲೇಸರಿನ ಚುಕ್ಕಿ ಬಿಟ್ಟು, ಮರಳಿ ಬರುವ ಬೆಳಕಿನ ಬಣ್ಣ ಅಳೆಯಬೇಕು. ಅರೆವಾಹಕವಾಗಿದ್ದರೆ ಪರದೆಯ ಮೇಲೆ ಗೆರೆ ಒಂದು ಕಡೆ ಬರುತ್ತದೆ, ಲೋಹವಾಗಿದ್ದರೆ ಇನ್ನೊಂದು ಕಡೆ. ಚುಕ್ಕಿಯನ್ನು ಕೂದಲೆಳೆಗಿಂತ ಕಡಿಮೆ ಸರಿಸಿ ಮತ್ತೆ ಅಳೆಯಬೇಕು. ನಡುವೆ ಸ್ವಲ್ಪ ಸ್ವಲ್ಪವೇ ಕಾಯಿಸಬೇಕು. ದೋಷಗಳು ಎಲ್ಲಿ ಹೆಚ್ಚು ಎಂಬ ನಕ್ಷೆಯನ್ನು ರಜೆಗೆ ಮೊದಲೇ ತೆಗೆದಿಟ್ಟಿದ್ದೆ. ಒಂದು ಮಧ್ಯಾಹ್ನ ಅದನ್ನೂ ಈ ಅಳತೆಯ ನಕ್ಷೆಯನ್ನೂ ಪರದೆಯ ಮೇಲೆ ಅಕ್ಕಪಕ್ಕ ಇಟ್ಟೆ. ಟೆಲ್ಲೂರಿಯಂ ಹೆಚ್ಚು ಖಾಲಿಯಿದ್ದ ಜಾಗಗಳಲ್ಲೇ ಲೋಹ ಶುರುವಾಗಿತ್ತು. ಅಲ್ಲಿಂದ ಸುತ್ತಲೂ ಹರಡಿತ್ತು. ಉಳಿದ ಕಡೆ ಅದೇ ಬಿಸಿ ತಾಗಿದ್ದರೂ ಏನೂ ಆಗಿರಲಿಲ್ಲ.

ಮೇಡಂ ಬಂದು ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. "ಇದೇ ಕಣೇ! ಇಷ್ಟು ವರ್ಷ ಕಾದದ್ದು ಇದಕ್ಕೇ!" ಎಂದು ನನ್ನ ಬೆನ್ನು ತಟ್ಟಿದವರು ಮುಖ ನೋಡಿ ಕೈ ತೆಗೆದರು. ನಾನು ನಗಬೇಕಿತ್ತು. "ಇನ್ನೊಂದು ಚೂರಿನಲ್ಲೂ ನೋಡಬೇಕು ಮೇಡಂ," ಎಂದೆ.

"ನೋಡೋಣ. ಟೀ ಕುಡಿದು ಬಾ," ಎಂದರು.

ಅದನ್ನು ಮನೆಯಲ್ಲಿ ಹೇಳಿದೆ. ನನ್ನ ಗಂಡ ಸಂತೋಷಪಟ್ಟರು, ಮೈಸೂರುಪಾಕು ತಂದರು. ಅತ್ತೆ ಅದನ್ನು ಕೈಯಲ್ಲಿ ಹಿಡಿದುಕೊಂಡೇ, "ನಾಳಿಕೆ ನಾನೂ ಬತ್ತೀನಿ," ಎಂದರು.

"ಎಲ್ಲಿಗವ್ವ?" ಎಂದರು ಇವರು.

"ಇವಳು ಕೆಲಸ ಮಾಡೋ ತಾವಕ್ಕೆ. ಅದೇನೈತೆ ಅಲ್ಲಿ, ಒಂದ್ಸಲ ನೋಡ್ಬುಡ್ತೀನಿ."

ಬೇಡ ಎಂದು ಇವರು ಎಷ್ಟು ಹೇಳಿದರೂ ಕೇಳಲಿಲ್ಲ. ಮೇಡಂಗೆ ಫೋನು ಮಾಡಿದೆ. ಕರೆದುಕೊಂಡು ಬಾ ಎಂದರು.

ಅತ್ತೆ ಹಬ್ಬದ ಸೀರೆ ಉಟ್ಟು ಬಂದರು. ಲ್ಯಾಬಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಬಟ್ಟೆಯ ಚೀಲ ಕಾಲಿಗೆ ಹಾಕಿಕೊಳ್ಳಬೇಕು. ನನ್ನ ಭುಜ ಹಿಡಿದುಕೊಂಡು ಹಾಕಿಕೊಂಡರು. ಎಸಿಯ ಚಳಿಗೆ ಸೆರಗು ಹೊದ್ದರು. ಮೈಕ್ರೋಸ್ಕೋಪಿನಲ್ಲಿ ಚೂರನ್ನು ತೋರಿಸಿದೆ. ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದರು.

"ನೊಣದ ರೆಕ್ಕೆ ಇದ್ದಂಗದೆ. ಇಷ್ಟೇಯಾ?"

"ಇಷ್ಟೇ."

ಆಮೇಲೆ ಮೇಡಂ ಕಡೆ ತಿರುಗಿದರು. ಸುತ್ತುಬಳಸಿ ಮಾತಾಡುವ ಹೆಂಗಸಲ್ಲ. "ಅಮ್ಮಾವ್ರೇ, ನಿಮ್ಮ ಈ ಕೆಲಸದಿಂದಾನೇ ನನ್ನ ಮೊಮ್ಮಗು ಓಯ್ತಾ?"

ಜೂನಿಯರುಗಳು ಕೀಬೋರ್ಡು ಬಿಟ್ಟು ಹೊರಗೆ ಹೋದರು. ಮೇಡಂ ಒಂದು ಕುರ್ಚಿ ಎಳೆದು ಅತ್ತೆಯನ್ನು ಕೂರಿಸಿ, ತಾವೂ ಎದುರಿಗೆ ಕೂತರು.

"ಅಲ್ಲ ಅಂತ ನನಗೆ ಅನ್ನಿಸುತ್ತಮ್ಮ. ಆದರೆ ಖಂಡಿತ ಅಲ್ಲ ಅಂತ ನಾನು ಆಣೆ ಇಟ್ಟು ಹೇಳೋಕಾಗಲ್ಲ. ಯಾರಿಗೂ ಗೊತ್ತಿಲ್ಲ."

"ಗೊತ್ತಿಲ್ದೋರು ಎಣ್ಮಕ್ಕಳ್ನ ಆ ಒಲೆ ಮುಂದೆ ಯಾಕ್ ನಿಲ್ಲಿಸ್ತೀರಿ?"

ಮೇಡಂ ತಲೆ ತಗ್ಗಿಸಿದರು. ಹೊಗೆಗೂಡಿನ ಪೈಪನ್ನು ಪೂರಾ ಬದಲಾಯಿಸಲು ಬರೆದುಕೊಟ್ಟಿದ್ದೇನೆ, ಅದು ಆಗುವವರೆಗೆ ಆ ರೂಮಿಗೆ ಬೀಗ ಎಂದರು. ಬೀಗವನ್ನೂ ತೋರಿಸಿದರು. ನಾನು ಇಬ್ಬರ ನಡುವೆ ನಿಂತಿದ್ದೆ. ನನ್ನ ವಿಷಯವೇ ಮಾತಾಡುತ್ತಿದ್ದಾರೆ ಎಂದು ಗೊತ್ತಿತ್ತು.

ವಾಪಸು ಬಸ್ಸಿನಲ್ಲಿ ಅತ್ತೆ ಕಿಟಕಿಯ ಪಕ್ಕ ಕೂತರು. ಇಲವಾಲ ದಾಟಿದ ಮೇಲೆ ಕೇಳಿದರು.

"ಆಯಮ್ಮಂಗೆ ಮಕ್ಳವೆಯಾ?"

"ಇಬ್ಬರಿದ್ದಾರೆ."

"ಇದೇ ಕೆಲಸದಲ್ಲಿದ್ದಾಗ್ಲೇ ಉಟ್ಟಿದ್ದಾ?"

"ಹೂಂ ಅತ್ತೆ. ಇದೇ ಕೆಲಸದಲ್ಲೇ."

ಬಿಳಿಕೆರೆ ಬರುವ ತನಕ ಲೆಕ್ಕ ಹಾಕುತ್ತ ಕೂತವರ ಹಾಗೆ ಹಣೆ ಗಂಟಿಕ್ಕಿಕೊಂಡಿದ್ದರು. ಆಮೇಲೆ, "ಓಗು ನೀನು. ಬುಡಬ್ಯಾಡ. ಆ ಒಲೆ ತಾವ ಮಾತ್ರ ಓಗ್ಬ್ಯಾಡ ಕಣವ್ವ," ಎಂದರು. ಮತ್ತೆ ಸ್ವಲ್ಪ ಹೊತ್ತಿಗೆ, "ಪೂಜೆ ಮಾತ್ರ ಮಾಡ್ಸನ. ಅದೂ ಒಂದಿರ್ಲಿ," ಎಂದರು.

ಪೂಜೆ ಮಾಡಿಸಿದೆವು. ನಾಗರಕಲ್ಲಿಗೆ ಹಾಲೆರೆದು, ಅರಿಶಿನ ಹಚ್ಚಿ, ಹೇಳಿದಷ್ಟು ಸುತ್ತು ಬಂದೆ. ನನ್ನ ಗಂಡ ಪಕ್ಕದಲ್ಲಿ ಪಂಚೆ ಜಾರದಂತೆ ಒಂದು ಕೈಯಲ್ಲಿ ಹಿಡಿದುಕೊಂಡು ಸುತ್ತುತ್ತಿದ್ದರು. ಇನ್ನೊಂದು ಚೂರು, ಮತ್ತೊಂದು ಚೂರು ಅಳೆದೆ. ಎಲ್ಲದರಲ್ಲೂ ಖಾಲಿ ಜಾಗದಿಂದಲೇ ಶುರುವಾಗಿತ್ತು. ಪೂಜೆ, ಅಳತೆ ಎರಡನ್ನೂ ಒಂದೇ ಥರ ಮಾಡಿದೆ.

ಹೀಗೆ ಎಷ್ಟೋ ತಿಂಗಳು ಹೋದವು. ಒಂದು ಸಂಜೆ ಮೈಸೂರಿನಿಂದ ಬರುವಾಗ ಬಸ್ಸು ತುಂಬಿತ್ತು. ಮೂವರು ಕೂರುವ ಸೀಟಿನಲ್ಲಿ ಒಬ್ಬಾತ ತನ್ನ ಪಕ್ಕಕ್ಕೆ ಪ್ಲಾಸ್ಟಿಕ್ ಕುರ್ಚಿಗಳ ಕಟ್ಟು ಇಟ್ಟುಕೊಂಡಿದ್ದ. ತೆಗೆಯಿರಿ ಎಂದೆ. ಅದಕ್ಕೂ ಟಿಕೆಟ್ ತಗೊಂಡಿದ್ದೀನಿ ಎಂದ. ಕಂಡಕ್ಟರನ್ನು ಕೇಳಿದರೆ ಲಗೇಜಿನ ಟಿಕೆಟ್ಟು, ಸೀಟಿನದಲ್ಲ.

"ಏನಮ್ಮ, ನಿಂತ್ಕೊಂಡ್ರೆ ಸವೆದೋಗ್ತೀಯಾ?" ಎಂದ ಆತ.

ಅಷ್ಟೇ. ನಾನು ಕೂಗಿದೆ. ಏನು ಕೂಗಿದೆನೋ ಪೂರ್ತಿ ನೆನಪಿಲ್ಲ. ಕುರ್ಚಿಗೆ ಸೀಟು ಕೊಡ್ತೀಯಾ, ಮನುಷ್ಯರು ಕಾಣಲ್ವಾ ನಿನಗೆ, ಕಣ್ಣಿಲ್ವಾ ಎಂದದ್ದು ನೆನಪಿದೆ. ನನ್ನ ದನಿ ನನಗೇ ಹೊಸದಾಗಿತ್ತು. ಕಿವಿ ಬಿಸಿಯಾಗಿತ್ತು. ಬಸ್ಸಿನವರೆಲ್ಲ ತಿರುಗಿ ನೋಡಿದರು. ಹಿಂದಿನಿಂದ ಒಬ್ಬಾಕೆ, "ಸರ್ಯಾಗ್ ಯೋಳ್ದೆ ಕಣವ್ವ!" ಎಂದಳು. ಆತ ಕಟ್ಟನ್ನು ಎತ್ತಿ ಮೊಣಕಾಲ ಮೇಲೆ ಇಟ್ಟುಕೊಂಡ. ನಾನು ಕೂತೆ. ಕೂತ ಮೇಲೆ ಅಳು ಬಂತು. ತಡೆಯಲು ನೋಡಿದೆ, ಆಗಲಿಲ್ಲ. ಆತ ಗಾಬರಿಯಾಗಿ, "ಸಾರಿ ಮೇಡಂ, ಸೀಟಿಗೋಸ್ಕರ ಇಷ್ಟ್ಯಾಕೆ ಅಳ್ತೀರಾ," ಎನ್ನುತ್ತಲೇ ಇದ್ದ.

ಹುಣಸೂರಿನಲ್ಲಿ ಇಳಿದು ನೇರ ಅಂಗಡಿಗೆ ಹೋದೆ. ನನ್ನ ಗಂಡ ಸ್ಟೂಲಿನ ಮೇಲೆ ಕೂತು ಒಂದು ಮೋಟಾರಿಗೆ ತಂತಿ ಸುತ್ತುತ್ತಿದ್ದರು. ನನ್ನ ಮುಖ ನೋಡಿ ಎದ್ದು ನಿಂತರು.

"ಯಾಕೆ, ಏನಾಯ್ತು?"

"ಬಸ್ಸಲ್ಲಿ ಜಗಳ ಆಡ್ದೆ ಕಣ್ರೀ."

"ನೀನಾ? ಯಾರ್ ಜೊತೆ?"

"ಯಾರೋ ಕುರ್ಚಿಯವನ ಜೊತೆ."

ಅವರು ಸ್ಟೂಲನ್ನು ನನ್ನ ಕಡೆ ಸರಿಸಿ, ಕೈಯ ಜಿಡ್ಡು ಒರೆಸಿಕೊಂಡು ಎದುರಿನ ಅಂಗಡಿಗೆ ಟೀ ಹೇಳಲು ಹೋದರು. ಟೀ ಬಿಸಿಯಾಗಿತ್ತು. ಆರಿಸಿಕೊಂಡು ಕುಡಿದೆ. ಮಾರನೆಯ ದಿನ ಮತ್ತೆ ಏನೂ ಅನ್ನಿಸದೆ ಬಸ್ಸು ಹತ್ತಿದೆ. ಈಗ ಪ್ರಬಂಧ ಬರೆಯುತ್ತಿದ್ದೇನೆ. ಕೆಲವು ದಿನ ಅಳು ಬರುತ್ತದೆ, ಕೆಲವು ದಿನ ಇಲ್ಲ.